ಅರ್ಧ ಓದುವವರಿಗೆ ಅರ್ಧವಾದರೂ ಕೊಡಿ

ನನ್ನ ಚಿಕ್ಕಮ್ಮನ ಮಗಳು ಉಡುಪಿಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಬೆಳಿಗ್ಗೆ ಒಂಬತ್ತೂವರೆಗೆ ಹೋದರೆ ಮನೆ ಸೇರುವಾಗ ರಾತ್ರಿ ಎಂಟೂವರೆ. ಜೊತೆಗೆ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿ.ಕಾಂ. ಕಟ್ಟಿದ್ದಾಳೆ. ಕಳೆದ ಸಲ ಊರಿಗೆ ಹೋದಾಗ ಅಂಗಡಿಯಲ್ಲಿ ನೋಡಿದೆ. ಬಿಡಿಸಿಟ್ಟ ಸೀರೆಗಳನ್ನು ಮಡಚುತ್ತಾ, ಕೌಂಟರಿನ ಕೆಳಗಿನ ಪುಸ್ತಕದ ಮೇಲೆ ಕಣ್ಣಾಡಿಸುತ್ತಿದ್ದಳು. ಓದಿದಲ್ಲಿಗೆ ಗುರುತಾಗಿ ಇಟ್ಟಿದ್ದು ಸೀರೆಯ ರೇಟಿನ ಚೀಟಿ.

ಪಿಯುಸಿಯಲ್ಲಿ ಅವಳಿಗೆ ಚೆನ್ನಾಗಿಯೇ ಮಾರ್ಕ್ಸ್ ಬಂದಿತ್ತು. ಚಿಕ್ಕಪ್ಪ ತೀರಿಕೊಂಡರು, ಕಾಲೇಜು ಅಲ್ಲಿಗೇ ನಿಂತಿತು. ಕೇಂದ್ರ ಸರ್ಕಾರದ ಪಿಎಂ-ಯುಎಸ್‌ಪಿ ವಿದ್ಯಾರ್ಥಿವೇತನದಲ್ಲಿ ಡಿಗ್ರಿ ಓದುವವರಿಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಮನೆಯ ಆದಾಯ 4.5 ಲಕ್ಷದ ಒಳಗಿರಬೇಕು ಅನ್ನುವುದು ಸರಿ. ಆದರೆ ಕೋರ್ಸು ರೆಗ್ಯುಲರ್ ಆಗಿರಬೇಕು, ದೂರಶಿಕ್ಷಣ ನಡೆಯುವುದಿಲ್ಲ. ಸಾಲ ಕೇಳೋಣ ಅಂತ ಬ್ಯಾಂಕಿಗೆ ಹೋದರೆ ಅಲ್ಲಿಯೂ ಅದೇ ಮಾತು. "ರೆಗ್ಯುಲರ್‌ಗೆ ಸೇರಿದ್ರೆ ಬನ್ನಿ ಅಮ್ಮಾ." ರೆಗ್ಯುಲರ್‌ಗೆ ಸೇರಿದರೆ ಮನೆ ನಡೆಸುವವರು ಯಾರು? ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಫ್ರೀ ಉಂಟಲ್ಲ ಅನ್ನಬಹುದು. ನಮ್ಮ ಕಡೆ ಓಡುವುದು ಜಾಸ್ತಿ ಖಾಸಗಿ ಬಸ್ಸುಗಳು, ಅಲ್ವಾ? ಆ ಟಿಕೆಟ್ಟಿನ ದುಡ್ಡೂ ಅವಳದೇ.

ನಾನಿರುವುದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ನನ್ನ ಆಫೀಸಿನಲ್ಲಿ ನಲವತ್ತು ದಾಟಿದ ಹೆಂಗಸೊಬ್ಬರಿದ್ದಾರೆ. ಮೂರು ವರ್ಷದ ಡಿಗ್ರಿಯನ್ನು ಆರು ವರ್ಷಕ್ಕೆ ಹಂಚಿಕೊಂಡು ಓದುತ್ತಿದ್ದಾರೆ. ಪೂರ್ಣಾವಧಿಯವರು ಒಂದು ವರ್ಷದಲ್ಲಿ ಓದುವುದರ ಕಾಲು ಭಾಗವನ್ನಾದರೂ ಓದಿದರೆ ಇಲ್ಲಿ ಫೀಸಿಗೆ ಸರ್ಕಾರದ ಸಾಲ ಸಿಗುತ್ತದೆ. ಇದು 2012ರಿಂದ ಇದೆ. 2018ರಿಂದ ಊಟ, ಬಾಡಿಗೆಯ ಖರ್ಚಿಗೂ ಓದಿನ ಪ್ರಮಾಣ ನೋಡಿ ಸಾಲ ಕೊಡುತ್ತಾರೆ. ಸಂಬಳ ಒಂದು ಮಟ್ಟ ದಾಟಿದ ಮೇಲಷ್ಟೇ ಕಂತು ಶುರು.

ಇಲ್ಲಿ ಎಲ್ಲವೂ ಚೆನ್ನ ಅಂತ ಹೇಳುತ್ತಿಲ್ಲ. ಇದು ಸಾಲ, ಬಡ್ಡಿ ಬೆಳೆಯುತ್ತದೆ. ಮನೆಯಲ್ಲೇ ಕೂತು ದೂರಶಿಕ್ಷಣದಲ್ಲಿ ಓದುವವರಿಗೆ ಖರ್ಚಿನ ಸಾಲ ಸಾಮಾನ್ಯವಾಗಿ ಸಿಗುವುದಿಲ್ಲ. ವೀಸಾ ಮೇಲೆ ಓದಲು ಬಂದ ನಮ್ಮ ಹುಡುಗರಿಗಂತೂ ಏನೂ ಇಲ್ಲ. ನಮ್ಮಲ್ಲಿ ಕೊಡುವ ವಿದ್ಯಾರ್ಥಿವೇತನವನ್ನು ತಿರುಗಿ ಕಟ್ಟಬೇಕಾಗಿಲ್ಲ, ಅದು ದೊಡ್ಡ ವಿಷಯ. ನನಗೆ ಹಿಡಿಸಿದ್ದು ಅಳತೆಯ ಕ್ರಮ. ಎಷ್ಟು ಓದುತ್ತೀಯೋ ಅಷ್ಟಕ್ಕೆ ಸಹಾಯ. ಪೂರ್ತಿ ಇಲ್ಲವೇ ಸೊನ್ನೆ ಅನ್ನುವ ಲೆಕ್ಕ ಅಲ್ಲ.

ಎಷ್ಟೋ ಅಷ್ಟಕ್ಕೆ ಅನ್ನುವ ಈ ಲೆಕ್ಕ ಉಡುಪಿಗೆ ಹೊಸತೇನಲ್ಲ. 1925ರಲ್ಲಿ ಅಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ತಂದಿತು. ದಿನಕ್ಕೆ ಎರಡಾಣೆ ಉಳಿಸುವವರ ಮನೆ ಬಾಗಿಲಿಗೂ ಹೋಗಿ ದುಡ್ಡು ಕಟ್ಟಿಸಿಕೊಂಡರು. ಎರಡಾಣೆಗೆ ಖಾತೆ ಇಲ್ಲ ಅನ್ನಲಿಲ್ಲ. ಅರ್ಧ ಕೋರ್ಸು ಓದುವವಳಿಗೆ 6,000 ರೂಪಾಯಿ ಕೊಟ್ಟರೆ ಏನು ತೊಂದರೆ?

ತಂಗಿಯ ಈ ವರ್ಷದ ಫೀಸು ನಾನು ಕಳಿಸಿದೆ. ಮೊನ್ನೆ ಫೋನಿನಲ್ಲಿ, "ಅಣ್ಣ, ಪಕ್ಕದ ಕೌಂಟರಿನ ಹುಡುಗಿಗೂ ಸೇರ್ಬೇಕಂತೆ, ಎಷ್ಟಾಗ್ತದೆ ಅಂತ ಕೇಳ್ತಿದ್ದಾಳೆ" ಅಂದಳು. ಆ ಹುಡುಗಿಗೆ ಫೀಸು ಕಳಿಸುವ ಅಣ್ಣ ಇಲ್ಲ.