ಹಾದರಕ್ಕೂ ಒಂದು ಅಂಕಪಟ್ಟಿ

ಹೀಗೊಂದು ಕಿರುಚಿತ್ರ ಇದೆ ಅಂದುಕೊಳ್ಳಿ. ಒಟ್ಟು 12 ನಿಮಿಷ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಗಂಡನ ಗುಟ್ಟಿನ ಗೆಳತಿ. ಜೊತೆಗೆ ಬಂದು ಹೋಗುವ ಒಬ್ಬ ವೇಟರ್, ಒಬ್ಬ ವಾಚ್‌ಮನ್. ಗಂಡ ಮೋಸ ಮಾಡುತ್ತಾನೆ, ಹೆಂಡತಿಗೆ ಗೊತ್ತಾಗುತ್ತದೆ. ಕಥೆ ಇಷ್ಟೇ. ಆದರೆ ಇದರ 'ವೈವಿಧ್ಯ ಮತ್ತು ಪ್ರಾತಿನಿಧ್ಯ' ಅಳೆಯಲು ಕೂತ ಸಮಿತಿಯ ನಮೂನೆ ಚಿತ್ರಕಥೆಗಿಂತ ದಪ್ಪ.

ಮೊದಲು ಬೆಕ್ಡೆಲ್ ಟೆಸ್ಟ್. 1985ರಲ್ಲಿ ಆಲಿಸನ್ ಬೆಕ್ಡೆಲ್ ತಮ್ಮ ಕಾಮಿಕ್ಸ್‌ನ ಪಾತ್ರವೊಂದರ ಬಾಯಲ್ಲಿ ಹೇಳಿಸಿದ್ದು: ಸಿನಿಮಾದಲ್ಲಿ ಇಬ್ಬರಾದರೂ ಹೆಂಗಸರಿರಬೇಕು, ಅವರು ಪರಸ್ಪರ ಮಾತಾಡಬೇಕು, ಆ ಮಾತು ಗಂಡಸಿನ ವಿಷಯ ಬಿಟ್ಟು ಬೇರೆಯದಾಗಿರಬೇಕು. ಅದು ಚೆನ್ನಾಗಿಯೇ ಚುಚ್ಚಿದ ತಮಾಷೆ. ಸಮಿತಿ ಅದನ್ನು ಸುತ್ತೋಲೆ ಅಂತ ಓದಿಕೊಂಡಿದೆ. ಹೆಂಡತಿ ಮತ್ತು ಗೆಳತಿ ಎದುರುಬದುರಾಗುವ ದೃಶ್ಯ ಫೇಲ್. ಇಬ್ಬರೂ ಗಂಡನ ಬಗ್ಗೆಯೇ ಮಾತಾಡುತ್ತಾರಂತೆ. ಇನ್ಯಾರ ಬಗ್ಗೆ ಮಾತಾಡಬೇಕಿತ್ತೋ! ತಿದ್ದಿದ ದೃಶ್ಯ ಹೀಗಿದೆ. ಹೆಂಡತಿ ಬಾಗಿಲು ದಬ್ಬಿಕೊಂಡು ಒಳಗೆ ಬರುತ್ತಾಳೆ. ಕಣ್ಣು ಕೆಂಪಗಿದೆ. ಕೈಯಲ್ಲಿ ಗಂಡನ ಫೋನ್, ಅದರಲ್ಲಿ ಗೆಳತಿಯ ಮೆಸೇಜು.

"ನಿಮ್ಮ ವಾಷಿಂಗ್ ಮೆಷಿನ್ ಸದ್ದು ಜಾಸ್ತಿ ಮಾಡುತ್ತಾ?"

"ಹೌದು ಕಣ್ರೀ, ನೆಲ ಸಮ ಇಲ್ಲ."

ಪಾಸ್.

ಮುಂದಿನ ಆಕ್ಷೇಪಣೆ: ಮನೆಯ ನಾಲ್ವರೂ ನೋಡೋಕೆ ಒಂದೇ ಥರ ಇದ್ದಾರೆ. ಮಕ್ಕಳಲ್ಲಿ ಒಬ್ಬನಾದರೂ ಬೇರೆ ಮೈಬಣ್ಣ, ಬೇರೆ ಮೂಗಿನವನಾಗಿರಲಿ. ಹಾಗೆ ಮಾಡಿದರೆ ನೋಡುವವರ ಅನುಮಾನ ಗಂಡನನ್ನು ಬಿಟ್ಟು ಹೆಂಡತಿ ಮೇಲೆ ತಿರುಗುತ್ತದೆ, ಕಥೆಯೇ ಕೆಡುತ್ತದೆ ಎಂದು ನಿರ್ದೇಶಕ ಗೋಗರೆದ. ಅದಕ್ಕೆ ಲಿಂಗ ಸಮಾನತೆಯ ಕಾಲಂನಲ್ಲಿ ಇನ್ನೆರಡು ಅಂಕ ಸಿಕ್ಕಿತು.

ಆಮೇಲೆ ಶೇ. 30ರ ಲೆಕ್ಕ. ಆಸ್ಕರ್ ಅಕಾಡೆಮಿ 2020ರಲ್ಲಿ ಪ್ರಕಟಿಸಿ 2024ರ ಪ್ರಶಸ್ತಿಯಿಂದ ಕಡ್ಡಾಯ ಮಾಡಿದ ನಿಯಮಗಳಲ್ಲಿ, ಸಣ್ಣಪುಟ್ಟ ಪಾತ್ರಗಳಲ್ಲಿ ಶೇ. 30ರಷ್ಟನ್ನು ಅವಕಾಶ ಸಿಗದ ಗುಂಪುಗಳವರಿಗೆ ಕೊಡುವುದೂ ಒಂದು ದಾರಿ. ಇಲ್ಲಿರುವುದು ವೇಟರ್, ವಾಚ್‌ಮನ್. ಇಬ್ಬರಲ್ಲಿ ಶೇ. 30 ಅಂದರೆ 0.6 ಮನುಷ್ಯ. ವೇಟರನ್ನು ಸೊಂಟದ ಮೇಲೆ ಎಣಿಸಬೇಕೋ ಕೆಳಗೋ ಅಂತ ಉಪಸಮಿತಿ ನೋಡುತ್ತಿದೆ. ಅಂದಹಾಗೆ, ಆ ನಿಯಮ ಇರುವುದು ಅತ್ಯುತ್ತಮ ಚಿತ್ರ ಪ್ರಶಸ್ತಿಗೆ ಮಾತ್ರ. ಕಿರುಚಿತ್ರಗಳ ತಂಟೆಗೆ ಅದು ಬರುವುದೇ ಇಲ್ಲ. ಅತ್ಯುತ್ತಮ ಚಿತ್ರಕ್ಕೂ ನಾಲ್ಕರಲ್ಲಿ ಎರಡು ಮಾನದಂಡ ಮುಟ್ಟಿದರೆ ಸಾಕು. ತರಬೇತಿಗೆ ಅಂಥ ಗುಂಪುಗಳ ಒಂದಷ್ಟು ಜನರನ್ನು ಸೇರಿಸಿಕೊಂಡು, ಪ್ರಚಾರ ವಿಭಾಗದ ಮೇಲಿನ ಹುದ್ದೆಗಳನ್ನು ಸರಿಮಾಡಿಕೊಂಡರೆ, ಪರದೆ ಮೇಲೆ ಒಂದು ಮುಖವೂ ಬದಲಾಗದೆ ಪಾಸಾಗಬಹುದು.

ಪ್ರಾತಿನಿಧ್ಯ ಸುಮ್ನೆ ಗಲಾಟೆ ಅಂತ ನಾನು ಹೇಳುತ್ತಿಲ್ಲ. ಇಂಥ ಕಥೆಗಳಲ್ಲಿ ಗೆಳತಿಗೆ ಎಷ್ಟೋ ಸಲ ಹೆಸರೇ ಇರುವುದಿಲ್ಲ, ಗಾಢ ಲಿಪ್‌ಸ್ಟಿಕ್ ಒಂದೇ ಅವಳ ಪಾತ್ರಪರಿಚಯ. ಈ ಚಿತ್ರದಲ್ಲೂ ಗಂಡನಿಗೆ ತನ್ನ ಒಂಟಿತನದ ಬಗ್ಗೆ ಮಾರುದ್ದದ ಭಾಷಣ ಇದೆ. ಹೆಂಡತಿಗೆ ಅಳು ಮಾತ್ರ, ತನ್ನ ಸಂಕಟ ಹೇಳಿಕೊಳ್ಳೋಕೆ ಒಂದು ಮಾತಿಲ್ಲ. ಯಾರ ಸಂಕಟವನ್ನು ಕ್ಯಾಮೆರಾ ನಂಬುತ್ತದೆ ಅಂತ ಕೇಳಬೇಕಿತ್ತು, ಅಲ್ವಾ? ಅದಕ್ಕೆ ಕಾಲಂ ಇಲ್ಲ. "ಮಹಿಳೆ, ಪರದೆ ಮೇಲೆ 4 ನಿಮಿಷ" ಅಂತ ಅವಳ ಅಳುವಿಗೆ ಪೂರ್ತಿ ಅಂಕ ಬಿದ್ದಿದೆ.

ಇನ್ನು ಉಳಿದಿರುವುದು ಒಂದೇ ತಕರಾರು. ಚಿತ್ರದಿಂದ ಗಂಡಂದಿರ ಸಮುದಾಯಕ್ಕೆ ನೋವಾಗಬಹುದಂತೆ, ಆದ್ದರಿಂದ ಒಬ್ಬ ನಿಯತ್ತಿನ ಗಂಡನನ್ನೂ ತೋರಿಸಬೇಕಂತೆ. ಅವನಿಗೆ ಕಥೆಯಲ್ಲಿ ಏನು ಕೆಲಸ ಅಂತ ನಿರ್ದೇಶಕ ಕೇಳಿದ. ಕೆಲಸ ಏನೂ ಇಲ್ಲ, ಕಿಟಕಿ ಪಕ್ಕ ನಿಯತ್ತಾಗಿ ನಿಂತಿರಲಿ ಎಂದರು. ವಾಚ್‌ಮನ್ ಪಾತ್ರದವನನ್ನೇ ನಿಲ್ಲಿಸಿದ್ದಾರೆ. ಅದರಿಂದ 0.6ರ ಲೆಕ್ಕ ಮತ್ತೆ ತಪ್ಪಿದೆ.