ವಾಲಿದ ಬಾತು

ಹಾರುವ ಬಾತುಗಳನ್ನು ಮೋಸಗೊಳಿಸಿ ಕೆಳಗೆ ಸೆಳೆಯಲು ಬೇಟೆಗಾರರು ನೀರಿನಲ್ಲಿ ತೇಲಿಬಿಡುವ 36 ಮರದ ಬಾತುಗಳಲ್ಲಿ 35 ನೆಟ್ಟಗೆ ಕೂತಿರುತ್ತವೆ, ಒಂದು ಎಡಕ್ಕೆ ವಾಲಿರುತ್ತದೆ. ಬೆಳಗಿನ ಜಾವದ ಚಳಿಯಲ್ಲಿ, ಬೆರಳು ಮರಗಟ್ಟಿರುವಾಗ, ಎಲ್ಲವನ್ನೂ ದೋಣಿಯಿಂದ ನೀರಿಗಿಳಿಸಿ ಮುಗಿದ ಮೇಲೇ ಅದು ಕಣ್ಣಿಗೆ ಬೀಳುವುದು. ಬಿದ್ದ ಮೇಲೆ ಬೇರೇನೂ ಕಾಣಿಸದು. ಮದುವೆಯ ಗ್ರೂಪ್ ಫೋಟೋದಲ್ಲಿ ಕಣ್ಣು ಮುಚ್ಚಿಕೊಂಡ ಭಾವನ ಹಾಗೆ.

ತಪ್ಪು ಬಹಳ ಸಲ ಮರದ್ದು. ಅಮೆರಿಕದ ಪೂರ್ವ ಕರಾವಳಿಯವರು ಮೈಗೆ ಬಿಳಿ ಸೀಡರ್ ಹುಡುಕುವುದು ಅದು ಹಗುರ, ಬೇಗ ಕೊಳೆಯದು ಎಂದು. ಆದರೂ ಒಂದೇ ದಿಮ್ಮಿಯ ಒಂದು ಮಗ್ಗುಲು ತುಸು ಹೆಚ್ಚು ತೂಗುತ್ತದೆ. ಗಂಟಿದ್ದರಂತೂ ಕೇಳುವುದೇ ಬೇಡ. ಕೆತ್ತುವವನಿಗೆ ಉತ್ಸಾಹ ಬಂದು ತಲೆಯನ್ನು ಬಲಕ್ಕೆ ತಿರುಗಿಸಿದನೋ, ತೂಕವೂ ಅದರ ಹಿಂದೆಯೇ ಹೊರಟಿತು. ಬಣ್ಣ ಬಿರುಕು ಬಿಟ್ಟ ಕಡೆ ನೀರು ಕುಡಿಯುವ ಬಾತು ಬೆಳಿಗ್ಗೆ ಸಭ್ಯವಾಗಿದ್ದು ಮಧ್ಯಾಹ್ನದ ಹೊತ್ತಿಗೆ ವಾಲತೊಡಗುತ್ತದೆ.

ಇದಕ್ಕೆ ಮದ್ದು ಒಂದು ಅಗಲವಾದ ಟಬ್ಬು. ಪ್ರೈಮರ್ ಒಣಗಿದ ಮೇಲೆ, ಬಣ್ಣಕ್ಕೆ ಮುಂಚೆ, 150ರಿಂದ 200 ಗ್ರಾಂ ಸೀಸದ ಪಟ್ಟಿಯನ್ನು ರಬ್ಬರ್ ಬ್ಯಾಂಡಿನಿಂದ ಹೊಟ್ಟೆಗೆ ಕಟ್ಟಿ ತೇಲಿಬಿಡಬೇಕು. ಎದೆ ಮುಳುಗಿದರೆ ಸೀಸವನ್ನು ಹಿಂದಕ್ಕೆ, ಬಾಲ ಮುಳುಗಿದರೆ ಮುಂದಕ್ಕೆ, ವಾಲಿದರೆ ಎದುರು ಮಗ್ಗುಲಿಗೆ, ಕಾಲಂಗುಲ ಕಾಲಂಗುಲವಾಗಿ ಸರಿಸುತ್ತ ಹೋಗುವುದು. ನೆಟ್ಟಗಾದಲ್ಲಿ ಪೆನ್ಸಿಲ್ ಗುರುತು, ಆಮೇಲೆ ಹಿತ್ತಾಳೆಯ ಸ್ಕ್ರೂ. ಕಬ್ಬಿಣದ್ದು ಉಪ್ಪುನೀರಿಗೆ ತುಕ್ಕು ಹಿಡಿದು ಮರವನ್ನೂ ತಿನ್ನುತ್ತದೆ. ಕೊನೆಗೆ ಬಾತನ್ನು ಅಂಗಾತ ಎಸೆದು ನೋಡಿ. ತಾನಾಗಿ ಹೊರಳಿ ಏಳದಿದ್ದರೆ ತೂಕ ಸಾಲದು, ಅಥವಾ ಹೊಟ್ಟೆಯ ಕೆಳಗೆ ಒಂದು ದಿಂಡು ಬೇಕು.

ತೂಕದ ಮಾತು ಬಂದ ಮೇಲೆ ಕಬ್ಬಿಣದ ಬಾತುಗಳನ್ನು ದಾಟಿ ಹೋಗುವಂತಿಲ್ಲ. ಮೇರಿಲ್ಯಾಂಡಿನ ಹ್ಯಾವರ್ ಡಿ ಗ್ರೇಸ್ ಊರಿನ ಎದುರು, ಸಸ್ಕ್ವೆಹಾನ ನದಿ ಚೆಸಪೀಕ್ ಕೊಲ್ಲಿಗೆ ಸೇರುವ ತಗ್ಗು ನೀರಿನಲ್ಲಿ, ಒಂದು ಕಾಲಕ್ಕೆ ಸಿಂಕ್‌ಬಾಕ್ಸ್ ಇಟ್ಟು ಬೇಟೆಯಾಡುತ್ತಿದ್ದರು. ಥೇಟ್ ಶವಪೆಟ್ಟಿಗೆ. ಬೇಟೆಗಾರ ಅದರೊಳಗೆ ಅಂಗಾತ ಮಲಗುವುದು. ಸುತ್ತ ನೀರಿನ ಮೇಲೆ ಹಲಗೆ, ಕ್ಯಾನ್ವಾಸಿನ ರೆಕ್ಕೆಗಳು. ಅದರಾಚೆ ನೂರಾರು ಮರದ ಬಾತುಗಳು. ಪೆಟ್ಟಿಗೆಯ ಅಂಚು ನೀರಿನ ಮಟ್ಟಕ್ಕೆ ಸರಿಯಾಗಿರಬೇಕು. ಹೆಚ್ಚಾದರೆ ಹಕ್ಕಿಗೆ ಕಾಣುತ್ತದೆ, ಕಡಿಮೆಯಾದರೆ ಅಲೆ ಒಳಗೆ ನುಗ್ಗುತ್ತದೆ. ಈ ಹದಕ್ಕೆ ತರಲು ರೆಕ್ಕೆಗಳ ಮೇಲೆ ಎರಕದ ಕಬ್ಬಿಣದ ಬಾತುಗಳನ್ನು ಇಡುತ್ತಿದ್ದರು, ಒಂದೊಂದೂ 10 ಕಿಲೋ ಆಸುಪಾಸು. ತೆಳ್ಳಗಿನವನು ಮಲಗಿದರೆ ಎರಡು ಬಾತು ಹೆಚ್ಚು, ದಪ್ಪನೆಯವನು ಮಲಗಿದರೆ ಎರಡು ಕಡಿಮೆ. ತೇಲುವುದೇ ಕುಲಕಸುಬಾದ ಹಕ್ಕಿಯ ರೂಪದಲ್ಲಿ ಮುಳುಗಿಸುವ ಕಲ್ಲು! ಗಾಳಿ ಎದ್ದರೆ ಪೆಟ್ಟಿಗೆಯ ಸಮೇತ ಮುಳುಗುವ ಭಯ. ಅದಕ್ಕೇ ದೂರದಲ್ಲೊಂದು ದೋಣಿ ಕಾವಲು. 1935ರಲ್ಲಿ ಅಮೆರಿಕ ಸರಕಾರ ಸಿಂಕ್‌ಬಾಕ್ಸನ್ನೂ, ಕಾಲಿಗೆ ಹಗ್ಗ ಕಟ್ಟಿ ಬಿಡುತ್ತಿದ್ದ ಜೀವಂತ ಬಾತುಗಳನ್ನೂ ನಿಷೇಧಿಸಿತು. ಕಬ್ಬಿಣದ ಬಾತುಗಳು ಬಾಗಿಲಿಗೆ ಒತ್ತು ಕೊಡುವ ಕೆಲಸಕ್ಕೆ ಸೇರಿಕೊಂಡವು. ಅಲ್ಲಿ ಅವು ವಾಲುವುದಿಲ್ಲ.

ಮರದವು ಗಾಜಿನ ಕಪಾಟು ಸೇರಿದವು. ಮ್ಯಾಸಚೂಸೆಟ್ಸಿನ ಎಲ್ಮರ್ ಕ್ರೋವೆಲ್ ಕೆತ್ತಿದ ಎರಡು 2007ರಲ್ಲಿ ತಲಾ 11 ಲಕ್ಷ ಡಾಲರಿಗೂ ಹೆಚ್ಚಿಗೆ ಮಾರಾಟವಾದವು. ಆಗಲಿ, ಸಂತೋಷ. ಕಿರಿಕಿರಿ ಬೇರೆಯದು: ಆ ಆಸೆಗೆ ಬಿದ್ದು ಈಗ ಒಂದೊಂದು ಗರಿಯನ್ನೂ ಸುಟ್ಟು ಬರೆದು, ಮೇಲೆ ವಾರ್ನಿಷ್ ಹೊಡೆದು, ಅದನ್ನೂ ಬೇಟೆಯ ಬಾತು ಎನ್ನುತ್ತಾರೆ. 40 ಗಜದಾಚೆ ಹಾರುವ ಹಕ್ಕಿಗೆ ಗರಿಯ ಎಳೆ ಯಾಕೆ ಬೇಕು? ಅದಕ್ಕೆ ಬೇಕಾದ್ದು ಮೈಯ ಆಕಾರ, ಕಪ್ಪು ಬಿಳುಪಿನ ಪಟ್ಟೆ, ಹೊಳಪಿಲ್ಲದ ಬಣ್ಣ, ಗಾಬರಿಯಿಲ್ಲದ ಗಿಡ್ಡ ಕುತ್ತಿಗೆ. ಗಜರಾಜನಂತೆ ತಲೆಯೆತ್ತಿ ನಿಂತ ಬಾತು ಕಪಾಟಿನಲ್ಲಿ ಚೆಂದ; ನೀರಿನಲ್ಲಿ ಅದು ಓಡಿಹೋಗಿ ಎಂದು ಕೂಗಿದ ಹಾಗೆ. ಇನ್ನು ಆ ಗರಿ ಬರೆದವರೇ ಕೊಕ್ಕಿನ ಉದ್ದಕ್ಕೆ ಮರದ ಎಳೆ ಬರುವಂತೆ ತಲೆ ಕೊರೆಯಲು ಮರೆತಿರುತ್ತಾರೆ. ಎಳೆ ಅಡ್ಡ ಬಂದರೆ ಚೀಲದೊಳಗಿನ ಮೊದಲ ಪೆಟ್ಟಿಗೇ ಕೊಕ್ಕು ಚಟ್ಟನೆ ಮುರಿಯುತ್ತದೆ.

ಹಾಗಾದರೆ ಹಕ್ಕಿ ನೋಡುವುದು ಏನನ್ನು? ನೆವಾಡಾದ ಲವ್‌ಲಾಕ್ ಗುಹೆಯಲ್ಲಿ 1924ರಲ್ಲಿ ಸಿಕ್ಕ ಬಾತುಗಳಿಗೆ ಸುಮಾರು 2000 ವರ್ಷ. ಜೊಂಡುಹುಲ್ಲಿನ ಮೈ, ಬಣ್ಣ, ಮೇಲೊಂದಿಷ್ಟು ಗರಿ. ಸೀಸವಿಲ್ಲ, ಸ್ಕ್ರೂ ಇಲ್ಲ. ನಮ್ಮ ಹಳಗನ್ನಡದಲ್ಲೂ ಬೇಟೆಯಲ್ಲಿ ಬೇರೆ ಪ್ರಾಣಿಗಳನ್ನು ಸೆಳೆಯಲು ಪಳಗಿಸಿದ ಪ್ರಾಣಿಗೆ ದೀವ ಎಂಬ ಹೆಸರಿದೆ. ಅದಕ್ಕೆ ಜೀವವಿತ್ತು, ಹಾಗಾಗಿ ನೆಟ್ಟಗೆ ನಿಲ್ಲುವ ಹೊಣೆ ಅದರದೇ. ಹುಲ್ಲಿಗೂ ಮರಕ್ಕೂ ಹಕ್ಕಿ ಮೋಸಹೋಗುವುದು ಹೇಗೆ ಎನ್ನುವುದಕ್ಕೆ ಉತ್ತರ ಹೇಳಬೇಕೆಂದೇ ಹೊರಟಿದ್ದು. ಆದರೆ ಅಷ್ಟರಲ್ಲಿ ಎಡಕ್ಕೆ ವಾಲಿದ್ದ ಆ ಬಾತು ಇನ್ನಷ್ಟು ವಾಲಿದೆ.

ಎತ್ತಿ ನೋಡಿದರೆ ಸೀಸ ಸರಿಯಾಗಿಯೇ ಇರುತ್ತದೆ. ಬಾತನ್ನು ಲಂಗರಿಗೆ ಕಟ್ಟಿದ ಹಗ್ಗ ಗಿಡ್ಡವಾಗಿರುತ್ತದೆ, ಅಷ್ಟೆ: ಉಬ್ಬರಕ್ಕೆ ನೀರು ಏರಿದೆ, ಲಂಗರು ಜಗ್ಗುತ್ತಿದೆ. ನೀರು ನಾಲ್ಕಡಿಯಿದ್ದರೆ ಹಗ್ಗ ಆರಡಿ ಇರಲಿ, ಗಂಟು ಎದೆಯ ಕೆಳಗೆ ಬರಲಿ. ಹೊಟ್ಟೆಯ ನಡುವೆ ಕಟ್ಟಿದರೆ ಬಾತು ಗಾಳಿಗೆ ಅಡ್ಡ ತಿರುಗಿ ಹೊರಳಾಡುತ್ತದೆ. ಆ ಗಂಟನ್ನು ಬಿಚ್ಚಿ ಕಟ್ಟೋಣವೆಂದು ಎಳೆದರೆ ಪಕ್ಕದ ಮೂರರ ಹಗ್ಗವೂ ಜೊತೆಗೇ ಬರುತ್ತದೆ.