ಕನ್ನಡಿಗೆ ಕಾಲುಚೀಲ

ಬೆಳಿಗ್ಗೆ ಆರೂವರೆಗೇ ಸೋಮವಾರಪೇಟೆಯ ಭಾವನ ಹಕ್ಕಿ ಲೆಕ್ಕ ವಾಟ್ಸಾಪಿನಲ್ಲಿ ಬರುತ್ತದೆ. ‘ನವರಂಗ 1, ರಾಜಹಕ್ಕಿ 2, ಬೂದು ಸಿಪಿಲೆ 4.’ ಕೆಳಗೊಂದು ಪ್ರಶ್ನೆ: ‘ನಿಮ್ಮ ದಕ್ಷಿಣದಲ್ಲಿ ಏನು ಕಂಡಿತು ಭಾವ?’

ನಮ್ಮ ದಕ್ಷಿಣ ಅಂದರೆ ಗೋಣಿಕೊಪ್ಪದ ಹತ್ತಿರದ ತೋಟ. ನಡುವೆ ಒಂದು ಮಡಿಕೇರಿ ಇದೆ, ಅಷ್ಟೆ. ಆದರೆ ಭಾವ ‘ಉತ್ತರ ಕೊಡಗು’ ಅನ್ನುವಾಗ ಅದು ಸೈಬೀರಿಯಾದ ಪಕ್ಕದಲ್ಲೇ ಇರುವ ಹಾಗೆ ಕೇಳಿಸುತ್ತದೆ. ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದಿಳಿಯುವುದು ಗದಗ ಜಿಲ್ಲೆಯ ಮಾಗಡಿ ಕೆರೆಗೆ. 2024ರಲ್ಲಿ ಆ ಕೆರೆ, ಜಗತ್ತಿನ ಮುಖ್ಯ ಜೌಗು ತಾಣಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಉತ್ತರ ಅಂದರೆ ಅದು. ಇದನ್ನು ಭಾವನಿಗೆ ಒಮ್ಮೆ ಬರೆದೆ. ಹೆಬ್ಬೆರಳು ಕಳಿಸಿ ಸುಮ್ಮನಾದರು.

ಅವರಿಗೇನು! ಅವರದ್ದು ಅರೇಬಿಕಾ, ಕುಯ್ಲು ಮುಗಿದು ಎಷ್ಟೋ ದಿನವಾಯಿತು. ನಮ್ಮದು ರೋಬಸ್ಟಾ. ಫೆಬ್ರವರಿಯಲ್ಲಿ ಕಣದ ತುಂಬ ಹಣ್ಣು ಹರಡಿಕೊಂಡು, ಮೋಡ ಕಂಡರೆ ಟಾರ್ಪಾಲು ಹಿಡಿದು ಓಡುವ ಕಾಲ. ನವರಂಗ ನಮ್ಮಲ್ಲೂ ಇದೆ. ಸಂಜೆ ಕಾಫಿ ಗಿಡಗಳ ಬುಡದಿಂದ ಅದರ ಎರಡು ಸ್ವರದ ಸಿಳ್ಳೆ ಕೇಳುತ್ತದೆ. ಹೋಗಿ ನೋಡಲು ಪುರುಸೊತ್ತು ಯಾರಿಗೆ?

ನಾನು ದಿನಾ ನೋಡುವುದು ಒಂದೇ ಹಕ್ಕಿ, ಮಡಿವಾಳ. ನೋಡುತ್ತೇನೆ ಅನ್ನುವುದಕ್ಕಿಂತ ಸಹಿಸಿಕೊಳ್ಳುತ್ತೇನೆ ಅನ್ನಬೇಕು. ಚಳಿ ಇಳಿಯುತ್ತಿದ್ದ ಹಾಗೆ ಇದಕ್ಕೆ ಮರಿ ಮಾಡುವ ಯೋಚನೆ ಶುರು. ಆಮೇಲೆ ಎಲ್ಲೆಲ್ಲೂ ಶತ್ರುಗಳೇ. ದೊಡ್ಡ ಶತ್ರು ಇರುವುದು ನಮ್ಮ ಜೀಪಿನ ಬಲಗಡೆಯ ಕನ್ನಡಿಯೊಳಗೆ. ಬಾಲ ನಿಗುರಿಸಿ, ಎದೆಯುಬ್ಬಿಸಿ, ಟಕ್ ಟಕ್ ಅಂತ ಕುಕ್ಕುತ್ತದೆ. ದಣಿದರೆ ಕನ್ನಡಿಯ ಮೇಲೇ ಕೂತು ಹಾಡುತ್ತದೆ. ಹಾಡು ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಹಾಡಿ ಹೋದ ಮೇಲೆ ಜೀಪಿನ ಬಾಗಿಲಿಗೆ ಸುಣ್ಣ ಬಳಿದ ಹಾಗಿರುತ್ತದೆ.

ಕನ್ನಡಿ ಮಡಚಿ ನೋಡಿದೆ. ಸಂದಿಯಲ್ಲಿ ತೂರಿ ಕುಕ್ಕಿತು. ಪ್ಲಾಸ್ಟಿಕ್ ಚೀಲ ಕಟ್ಟಿದೆ, ಗಾಳಿಗೆ ಹಾರಿಹೋಯಿತು. ಕೊನೆಗೆ ಮಗ ಶಾಲೆಗೆ ಹಾಕುತ್ತಿದ್ದ ಹಳೆಯ ಕಾಲುಚೀಲ ಸಿಕ್ಕಿತು. ಬಿಳಿ, ಎರಡು ನೀಲಿ ಪಟ್ಟೆ. ಕನ್ನಡಿಗೆ ಅಳತೆ ತೆಗೆದು ಹೊಲಿಸಿದ ಹಾಗೆ ಕೂತಿತು. ಮಾರನೇ ದಿನ ಅದನ್ನು ತೆಗೆಯಲು ಮರೆತು ಪೇಟೆಗೆ ಹೊರಟೆ. ದಾರಿಯಲ್ಲಿ ಮೂರು ಮಂದಿ ಕೈಬೀಸಿದರು, ನಾನೂ ಬೀಸಿದೆ. ಜನ ಎಷ್ಟು ಒಳ್ಳೆಯವರು ಅಂದುಕೊಂಡೆ. ಸಂತೆಯ ತಿರುವಿನಲ್ಲಿ ಪೊಲೀಸಿನವರು ನಿಲ್ಲಿಸಿದರು.

“ಕನ್ನಡಿಗೆ ಚಳಿಯಾ?”

“ಹಕ್ಕಿ ಕಾಟ ಸಾರ್.”

“ಯಾವ ಹಕ್ಕಿ?”

ಹೇಳಿದೆ. ಅವರು ತಮ್ಮ ಬೈಕಿನ ಕನ್ನಡಿಯನ್ನೊಮ್ಮೆ ನೋಡಿದರು. “ನಮ್ಮ ಕ್ವಾರ್ಟರ್ಸಿನಲ್ಲೂ ಒಂದುಂಟು ಮಾರಾಯ್ರೆ,” ಅಂದು ಬಿಟ್ಟುಬಿಟ್ಟರು. ಆ ಕಾಲುಚೀಲದ ಜೋಡಿ ಇದೆಯಾ ಅಂತಲೂ ಕೇಳಿದರು. ಇರಲಿಲ್ಲ.

ಹೀಗಿರುವಾಗ ಮೊನ್ನೆ ಭಾವನ ಇನ್ನೊಂದು ಮೆಸೇಜು. ಫೆಬ್ರವರಿಯ ಹಿತ್ತಲ ಹಕ್ಕಿ ಎಣಿಕೆ ಬಂತಂತೆ. 1998ರಲ್ಲಿ ಅಮೆರಿಕದ ಕಡೆ ಶುರುವಾದದ್ದು, ನಮ್ಮ ದೇಶ ಸೇರಿಕೊಂಡಿದ್ದು 2013ರಲ್ಲಿ. ನಾಲ್ಕು ದಿನ, ಕೂತಲ್ಲೇ ಹದಿನೈದು ನಿಮಿಷ ನೋಡಿ ಲೆಕ್ಕ ಕೊಟ್ಟರೂ ಸಾಕು. ‘ಈ ಸಲ ದಕ್ಷಿಣದ ಮಾನ ಉಳಿಸಿ’ ಅಂತ ಬೇರೆ.

ಹಕ್ಕಿ ನೋಡುವುದರಿಂದ ಮನುಷ್ಯ ಏನು ಕಲಿಯಬೇಕು ಅನ್ನುವುದರ ಬಗ್ಗೆ ನನಗೊಂದು ಯೋಚನೆಯಿದೆ, ಅದನ್ನು ಬರೆಯಲೆಂದೇ ಕೂತದ್ದು. ಆದರೆ ಕಣದ ಕಡೆಯಿಂದ ಕರೆಯುತ್ತಿದ್ದಾರೆ, ಮೋಡ ಬಂದ ಹಾಗಿದೆ. ಓಡುವ ಮೊದಲು ಜೀಪಿನ ಕಡೆ ನೋಡಿದೆ. ಯಾರೋ ಕಾಲುಚೀಲ ಕಿತ್ತಿದ್ದಾರೆ. ಯುದ್ಧ ನಡೆದಿದೆ.

ಭಾವನಿಗೆ ಕಳಿಸಿದೆ: ‘ಮಡಿವಾಳ 2.’

‘ಜೋಡಿಯಾ?’

‘ಇಲ್ಲ. ಎರಡೂ ಗಂಡು.’